ಒಣ ಫುಡ್ ತಿನ್ನೋ ನಾಯಿ-ಬೆಕ್ಕಿಗೆ ದಿನಕ್ಕ ಎಷ್ಟು ನೀರು? ಅದೂ ನಮ್ಮೂರ ನೀರಿನ್ಯಾಗ?

ಗೋಕುಲರೋಡ್_ಲ್ಯಾಬ್:
ನಮಸ್ಕಾರ್ರೀ ಎಲ್ಲಾರಿಗೂ. ಲ್ಯಾಬ್ರಡಾರ್, ಗಂಡು, ನಾಕು ವರ್ಷ, 28 ಕೆಜಿ. ದಿನಕ್ಕ 320 ಗ್ರಾಂ ಒಣ ಫುಡ್, ಎರಡು ಹೊತ್ತಿಗೆ ಹಂಚಿ. ನೀರು ಒಂದು ಲೀಟರ್ ಆಸುಪಾಸು ಕುಡೀತದ. ಚೀಲದ ಮ್ಯಾಲೆ "ತಾಜಾ ನೀರು ಸದಾ ಇರಲಿ" ಅಂತ ಬರದಾರ, ಎಷ್ಟು ಅಂತ ಬರದಿಲ್ಲ. ಒಂದು ಲೀಟರ್ ಸಾಕೋ ಕಡಿಮಿಯೋ? ಬ್ಯಾಸಗಿ ಬ್ಯಾರೆ ಬಂತು. ಇನ್ನೊಂದು, ಇಲ್ಲೆ ನಳ ದಿನಾ ಬರಂಗಿಲ್ಲ. ಡ್ರಮ್ಮಿನ್ಯಾಗ ತುಂಬಿದ್ದು ನಳದ ನೀರು, ಮ್ಯಾಲಿನ ಟಾಕಿಯಾಗ ಬೋರಿನ ಸವಳು ನೀರು. ನಾಯಿಗೆ ಯಾವುದು ಇಡಬೇಕು?

ದುರ್ಗದಬೈಲ್_ಗಿರ್ಮಿಟ್:
ಮನಷ್ಯಾರಿಗೇ ನೀರು ಸಿಗವಲ್ದು, ನೀವು ನಾಯಿಗೆ ಅಳತಿ ಹಾಕ್ಲಿಕತ್ತೀರಿ 😄

ತೋಳನಕೆರೆ_ವಾಕಿಂಗ್:
ಲೆಕ್ಕ ಸರಳ ಐತ್ರಿ. ಒಂದು ಕೆಜಿ ತೂಕಕ್ಕ 50ರಿಂದ 60 ಮಿ.ಲೀ. ಅಂದ್ರ 28 ಕೆಜಿಗೆ 1400ರಿಂದ 1680 ಮಿ.ಲೀ. ನಿಮ್ಮ ನಾಯಿ ಭಾಳ ಕಡಿಮಿ ಕುಡೀತೈತಿ.

ಪಶುವೈದ್ಯ_ಧಾರವಾಡ:
ಆ ಲೆಕ್ಕ ತಪ್ಪಲ್ಲ, ಆದ್ರ ಎಲ್ಲಾ ಗಾತ್ರದ ನಾಯಿಗೆ ಒಂದೇ ಥರ ಹೊಂದಂಗಿಲ್ಲ. ಇನ್ನೊಂದು ಲೆಕ್ಕ ಅದ: ನಾಯಿ ತಿನ್ನೋ ಒಂದು ಕ್ಯಾಲರಿಗೆ ಒಂದು ಮಿ.ಲೀ. ನೀರು. 320 ಗ್ರಾಂ ಒಣ ಫುಡ್ ಅಂದ್ರ, 100 ಗ್ರಾಮಿಗೆ 360 ಕ್ಯಾಲರಿ ಅಂತ ಹಿಡಿದ್ರ, ಸುಮಾರು 1150 ಕ್ಯಾಲರಿ. ಅಂದ್ರ 1150 ಮಿ.ಲೀ. ನೀರು.

ಎರಡೂ ಲೆಕ್ಕ ಬ್ಯಾರೆ ಬ್ಯಾರೆ ಬರೋದು ಯಾಕಂದ್ರ, ತೂಕ ಎರಡು ಪಟ್ಟಾದ್ರ ಹಸಿವು ಎರಡು ಪಟ್ಟಾಗಂಗಿಲ್ಲ. ದೊಡ್ಡ ನಾಯಿ ತನ್ನ ಒಂದೊಂದು ಕೆಜಿಗೆ ಕಡಿಮಿ ಕ್ಯಾಲರಿ ಸುಡ್ತದ, ಸಣ್ಣದು ಹೆಚ್ಚು. ಅದಕ್ಕ ತೂಕದ ಲೆಕ್ಕ ದೊಡ್ಡ ನಾಯಿಗೆ ಹೆಚ್ಚು ತೋರಸ್ತದ, ಸಣ್ಣ ನಾಯಿಗೆ ಕಡಿಮಿ ತೋರಸ್ತದ. 4 ಕೆಜಿ ಪೊಮೆರೇನಿಯನ್ ತೊಗೊಳ್ರಿ. ತೂಕದಿಂದ 200–240 ಮಿ.ಲೀ., ಕ್ಯಾಲರಿಯಿಂದ ಸುಮಾರು 270.

ಮುಖ್ಯ ಮಾತು, ಇವೆರಡೂ ಒಟ್ಟು ನೀರಿನ ಲೆಕ್ಕ. ಬಟ್ಟಲದಾಗಿಂದ ಕುಡಿದದ್ದು, ಊಟದಾಗ ಹೋದದ್ದು, ಎರಡೂ ಸೇರಿ. ಒಣ ಫುಡ್ಡಿನ್ಯಾಗ ನೀರು ಇರೋದು ನೂರಕ್ಕ 8–10. 320 ಗ್ರಾಮಿನ್ಯಾಗ 32 ಮಿ.ಲೀ. ಅಷ್ಟ. ಬಾಕಿ ಎಲ್ಲಾ ಬಟ್ಟಲದಿಂದಲೇ ಬರಬೇಕು. ನಿಮ್ಮ ನಾಯಿ ಒಂದು ಲೀಟರ್ ಕುಡೀತದ ಅಂದ್ರ ಅಂಚಿನ ಮ್ಯಾಲೆ ಅದ, ಗಾಬರಿ ಆಗೋ ಹಂಗಿಲ್ಲ. ಆದ್ರ ಇದು ತಂಪು ದಿನದ ಲೆಕ್ಕ. ಹುಬ್ಬಳ್ಳಿಯಾಗ ಏಪ್ರಿಲ್ ಬಂದು 37–38 ಡಿಗ್ರಿ ಆದಾಗ, ನಾಯಿ ನಾಲಿಗಿ ಹೊರಗ ಹಾಕಿ ತೇಕೋದ್ರಾಗ ಎಷ್ಟೋ ನೀರು ಹಾರಿ ಹೋಗ್ತದ. ನಾಯಿಗೆ ಬೆವರು ಅನ್ನೋದು ಪಾದದ ಗಾದಿಯಾಗ ಮಾತ್ರ. ಮೈ ತಂಪು ಮಾಡ್ಕೊಳ್ಳಿಕ್ಕೆ ತೇಕೋದೇ ಮುಖ್ಯ ದಾರಿ, ಆ ದಾರಿಗೆ ನೀರು ಬೇಕು.

ಸಾಧನಕೇರಿ_ಮಳಿ:
ಇದಕ್ಕs ನಾ ಹೇಳೋದು, ಬಟ್ಟಲ ನೋಡಿ ತಲಿ ಕೆಡಿಸ್ಕೋಬ್ಯಾಡ್ರಿ, ತಾಟು ನೋಡ್ರಿ. ಅದೇ 28 ಕೆಜಿ ನಾಯಿಗೆ ಅನ್ನ, ಕೋಳಿ, ಕುಂಬಳಕಾಯಿ ಕುದಿಸಿ 900 ಗ್ರಾಂ ಹಾಕಿದ್ರ, ಅದ್ರಾಗ ನೂರಕ್ಕ 70 ನೀರೇ. ಅಂದ್ರ 630 ಮಿ.ಲೀ. ಊಟದ ಜೋಡಿನೇ ಹೋತು. ಅಂಥಾ ನಾಯಿ ಬಟ್ಟಲದಾಗಿಂದ ಅರ್ಧ ಲೀಟರ್ ಕುಡಿದ್ರೂ ಸಾಕು. ಮನಿ ಊಟದಿಂದ ಒಣ ಫುಡ್ಡಿಗೆ ಬದಲಿ ಮಾಡಿದ ಕೂಡ್ಲೇ "ನಾಯಿ ಒಮ್ಮಿಂದೊಮ್ಮಿಗೆ ಭಾಳ ನೀರು ಕುಡೀಲಿಕತ್ತದ, ಸಕ್ಕರಿ ಕಾಯಿಲಿ ಬಂತೇನು" ಅಂತ ಕೇಳೋರು ಈ ಲೆಕ್ಕ ಒಮ್ಮಿ ಹಾಕಿ ನೋಡ್ರಿ.

ಬ್ಯಾಡಗಿ_ಖಾರ:
ಹಂಗಾರ ಒಣ ಫುಡ್ ಬಿಟ್ಟು ರೊಟ್ಟಿ ಹಾಕ್ರಿ ಮುಗೀತು. ನಮ್ಮ ಕಡೆ ನಾಯಿಗೋಳು ತಲಿತಲಾಂತರದಿಂದ ಜ್ವಾಳದ ರೊಟ್ಟಿ ತಿಂದು ಹೊಲ ಕಾದಾವ. ಯಾವ ಕಂಪನಿ ಚೀಲಾನೂ ಇರಲಿಲ್ಲ.

ಸಾಧನಕೇರಿ_ಮಳಿ:
ಖಡಕ್ ರೊಟ್ಟಿಯಾಗ ನೀರು ಎಲ್ಲೈತ್ರಿ ಅಣ್ಣಾರ? ಅದೂ ಒಣ ಫುಡ್ಡೇ, ಪ್ರೋಟೀನ್ ಕಡಿಮಿ ಇರೋದು ಅಷ್ಟ ಫರಕು. ರೊಟ್ಟಿ ಹಾಕೋದಾದ್ರ ಮುರಿದು, ಉಪ್ಪಿಲ್ಲದ ಕೋಳಿ ಕುದಿಸಿದ ನೀರಾಗ ನೆನಸಿ, ಜೋಡಿ ತತ್ತಿನೋ ಮಾಂಸನೋ ಇಡ್ರಿ. ಜ್ವಾಳದ ನುಚ್ಚು ಅಳ್ಳಕ ಮಾಡಿ ಮಜ್ಜಗಿ ಕಲಸಿ ಕೊಟ್ರ ಬ್ಯಾಸಗಿಗೆ ಛಲೋ. ಆದ್ರ ಮಜ್ಜಗಿಗೆ ಉಪ್ಪು, ಒಗ್ಗರಣಿ ಬ್ಯಾಡ. ಉಳ್ಳಾಗಡ್ಡಿ, ಬಳ್ಳೊಳ್ಳಿ ಅಂತೂ ಯಾವ ರೂಪದಾಗೂ ಬ್ಯಾಡ. ಅವು ನಾಯಿ-ಬೆಕ್ಕಿನ ಕೆಂಪು ರಕ್ತಕಣ ಒಡಿತಾವ. ಸಾರಿನ ನೀರು ಸೋಸಿ ಕೊಟ್ರೂ ಅದರ ಅಂಶ ನೀರಾಗ ಇಳದಿರ್ತದ.

ಗೋಕುಲರೋಡ್_ಲ್ಯಾಬ್:
ಹಾಲು?

ಪಶುವೈದ್ಯ_ಧಾರವಾಡ:
ನೀರಿಗೆ ಬದಲಿ ಅಲ್ಲ. ದೊಡ್ಡಾದ ನಾಯಿಗೆ ಹಾಲಿನ ಸಕ್ಕರಿ ಅರಗಿಸೋ ಕಿಣ್ವ ಕಡಿಮಿ ಆಗಿರ್ತದ. ಅರಗದ ಸಕ್ಕರಿ ಕರುಳಿನ್ಯಾಗ ನೀರು ಎಳದು ಭೇದಿ ಮಾಡಸ್ತದ. ನೀರು ಸಿಗಲಿ ಅಂತ ಕೊಟ್ಟ ಹಾಲು ಇದ್ದ ನೀರನ್ನೂ ಕಳೀತದ. ಮಜ್ಜಗಿ, ಮಸರು ತಡಕೊಳ್ಳೋ ನಾಯಿ ಹೆಚ್ಚು.

ಬೆಕ್ಕಿನ_ಮಾಸಿ:
ಎಲ್ಲಾರೂ ನಾಯಿ ನಾಯಿ ಅಂತೀರಿ. ನೀರಿನ ಖರೇ ತ್ರಾಸು ಇರೋದು ಬೆಕ್ಕಿಗೆ. ಬೆಕ್ಕಿನ ಮೂಲ ಮರಭೂಮಿಯ ಕಡೆದು. ಇಲಿ ಹಿಡಿದು ತಿಂದ್ರ ಅದ್ರಾಗೇ ನೂರಕ್ಕ 70 ನೀರು ಸಿಗತಿತ್ತು, ಹಂಗಾಗಿ ಬಾಯಾರಿಕಿ ಜೋರಿಲ್ಲ. ಒಣ ಫುಡ್ ಹಾಕಿದಾಗ ನಾಯಿ ಹೆಚ್ಚು ಕುಡಿದು ಸರಿದೂಗಿಸ್ತದ. ಬೆಕ್ಕೂ ಬಟ್ಟಲದ ಕಡೆ ಹೆಚ್ಚು ಸಲ ಹೋಗ್ತದ ಖರೆ, ಆದ್ರ ಪೂರ್ತಿ ಸರಿದೂಗಸಂಗಿಲ್ಲ. ಮೂತ್ರ ಗಟ್ಟಿ ಮಾಡ್ಕೊಂಡು ಸುಮ್ಮನ ಕುಂದರ್ತದ.

4 ಕೆಜಿ ಬೆಕ್ಕಿಗೆ ಒಟ್ಟು 200 ಮಿ.ಲೀ. ಆಸುಪಾಸು ಬೇಕು. 55 ಗ್ರಾಂ ಒಣ ಫುಡ್ಡಿನ್ಯಾಗ 5 ಮಿ.ಲೀ. ಆಸುಪಾಸು ಅಷ್ಟ. ಅದೇ 85 ಗ್ರಾಮಿನ ಒಂದು ವೆಟ್ ಫುಡ್ ಪೌಚಿನ್ಯಾಗ ಹತ್ರತ್ರ 70 ಮಿ.ಲೀ. ನೀರು. ದಿನಕ್ಕ ಎರಡು ಪೌಚ್ ಅಂದ್ರ 140 ಆತು. ಪೌಚಿಗೆ ಎರಡು ಚಮಚ ಉಗುರುಬೆಚ್ಚಗಿನ ನೀರು ಕಲಸ್ರಿ, ಗ್ರೇವಿ ಅಂತ ತಿಳದು ನೆಕ್ಕತದ. ರೊಕ್ಕ ಭಾಳ ಅನ್ನೋರು ಒಂದು ಪೌಚ್ ಹಾಕಿ, ಒಣಾದ್ದು ಆ ಮಟ್ಟಿಗೆ ಕಡಿಮಿ ಮಾಡ್ರಿ. ಎರಡನ್ನೂ ಪೂರ್ತಿ ಹಾಕಿದ್ರ ಬೆಕ್ಕು ದಪ್ಪ ಆಗ್ತದ.

ದುರ್ಗದಬೈಲ್_ಗಿರ್ಮಿಟ್:
ಬೆಕ್ಕು ನೀರು ಕುಡಿಯೋದು ಬಾತ್‌ರೂಮ್ ಬಕೇಟಿನ್ಯಾಗ ಮಾತ್ರ ಅಂತ ಯಾರೂ ಹೇಳಲಿಲ್ಲಲ್ಲ.

ಬೆಕ್ಕಿನ_ಮಾಸಿ:
ಅದಕ್ಕೂ ಕಾರಣ ಐತಿ ತಮ್ಮಾ. ಬಕೇಟು ಅಗಲ ಇರ್ತದ, ಮೀಸಿಗೆ ಅಂಚು ತಾಗಂಗಿಲ್ಲ, ನೀರು ತುಂಬಿ ತುಳುಕೋ ಹಂಗ ಇರ್ತದ, ಪಕ್ಕದಾಗ ಊಟದ ತಾಟು ಇರಂಗಿಲ್ಲ. ಇವಿಷ್ಟೂ ಬಟ್ಟಲಕ್ಕ ತರ್ರಿ. ಅಗಲನ ಸ್ಟೀಲ್ ಇಲ್ಲಾ ಪಿಂಗಾಣಿ, ಅಂಚಿನ ತನಕ ನೀರು, ಊಟದ ಜಾಗದಿಂದ ದೂರ, ಮಣ್ಣಿನ ಟ್ರೇದಿಂದ ಇನ್ನೂ ದೂರ. ಎಷ್ಟು ಬೆಕ್ಕು ಅದಾವೋ ಅದಕ್ಕಿಂತ ಒಂದು ಬಟ್ಟಲ ಹೆಚ್ಚು, ಬ್ಯಾರೆ ಬ್ಯಾರೆ ಕ್ವಾಣಿಯಾಗ. ಒಂದೇ ಕಡೆ ಮೂರು ಬಟ್ಟಲ ಇಟ್ರ ಬೆಕ್ಕಿನ ಲೆಕ್ಕದಾಗ ಅದು ಒಂದೇ. ಜೋರಿನ ಬೆಕ್ಕು ಅಲ್ಲೇ ಕುಂತು ಉಳಿದವಕ್ಕ ಬರಗೊಡಂಗಿಲ್ಲ. ಪ್ಲಾಸ್ಟಿಕ್ ಬ್ಯಾಡ. ಗೀರು ಬಿದ್ದಲ್ಲಿ ಲೋಳಿ ಕುಂದರ್ತದ, ಕೆಲವು ಬೆಕ್ಕಿಗೆ ಗದ್ದಕ್ಕ ಕರಿ ಗುಳ್ಳಿ ಏಳ್ತಾವ.

ಹರಿಯೋ ನೀರಿನ ಫೌಂಟನ್ ಕೆಲವು ಬೆಕ್ಕಿಗೆ ಹಿಡಸ್ತದ, ಕೆಲವಕ್ಕ ಇಲ್ಲ. ತೊಗೊಂಡ್ರ ಪಂಪ್ ವಾರಕ್ಕೊಮ್ಮಿ ಬಿಚ್ಚಿ ತೊಳೀಬೇಕು, ಫಿಲ್ಟರ್ ಬದಲಿ ಮಾಡಬೇಕು. ಸವಳು ನೀರು ಹಾಕಿದ್ರ ಪಂಪಿಗೆ ಸುಣ್ಣ ಕಟ್ಟಿ ಬೇಗ ನಿಂತ್ ಬಿಡ್ತದ. ಲಿಂಬಿಹುಳಿ ಇಲ್ಲಾ ವಿನೆಗರ್ ಕಲಸಿದ ನೀರಾಗ ಅರ್ಧ ತಾಸು ಇಟ್ಟು, ಚೆಂದಾಗಿ ತೊಳದು ಹಾಕ್ರಿ.

ಪಶುವೈದ್ಯ_ಧಾರವಾಡ:
ಬೆಕ್ಕಿನ ಮಾತು ಬಂತು ಅಂದಮ್ಯಾಲೆ ಇದೊಂದು ಎಲ್ಲಾರೂ ಓದ್ರಿ. ಗಂಡು ಬೆಕ್ಕು ಸಲಸಲಕ್ಕ ಟ್ರೇಗೆ ಹೋಗಿ ತಿಣುಕತದ, ಹನಿ ಮೂತ್ರ ಬರಂಗಿಲ್ಲ, ಕೂಗತದ, ಆ ಜಾಗಾ ನೆಕ್ಕೋತದ ಅಂದ್ರ ಅದು ಮಲಬದ್ಧತೆ ಅಲ್ಲ. ಎಣ್ಣಿ ಕುಡಸಬ್ಯಾಡ್ರಿ. ಮೂತ್ರನಾಳ ಕಟ್ಟಿರ್ತದ. ಗಂಡು ಬೆಕ್ಕಿನ ನಾಳದ ತುದಿ ಭಾಳ ಸಪೂರ, ಹರಳಿನ ಪುಡಿ, ಲೋಳಿ ಸೇರಿದ್ರ ಬಿರಡಿ ಹಾಕಿದಂಗ ಆಗ್ತದ. ರಕ್ತದಾಗ ಪೊಟ್ಯಾಸಿಯಂ ಏರಿ ಹೃದಯ ನಿಲ್ತದ. 24ರಿಂದ 48 ತಾಸಿನ್ಯಾಗ ಜೀವ ಹೋಗಬಹುದು. ರಾತ್ರಿ ಆದ್ರೂ ಅವತ್ತೇ ದವಾಖಾನಿಗೆ ಒಯ್ಯಬೇಕು. ಮರುದಿನದ ಮಾತು ಇಲ್ಲ.

ಬ್ಯಾಡಗಿ_ಖಾರ:
ಇದಕ್ಕೆಲ್ಲಾ ಕಾರಣ ಸವಳು ನೀರು. ಬೋರಿನ ನೀರು ಕುಡಿದ್ರ ಹರಳು ಆಗೇ ಆಗ್ತಾವ. ಪಾತ್ರಿಗೆ ಬಿಳೀ ಸುಣ್ಣ ಹತ್ತೋದು ಕಣ್ಣಿಗೆ ಕಾಣಂಗಿಲ್ಲೇನು? ಕಿಡ್ನಿಯಾಗೂ ಹಂಗ ಹತ್ತತೈತಿ.

ಪಶುವೈದ್ಯ_ಧಾರವಾಡ:
ಪಾತ್ರಿಯಾಗ ನೀರು ಕುದಿತದ, ಅದಕ್ಕ ಸುಣ್ಣ ಕಟ್ಟತದ. ಕಿಡ್ನಿ ಒಲಿ ಮ್ಯಾಲೆ ಇಟ್ಟಿಲ್ಲ. ಲೆಕ್ಕ ನೋಡ್ರಿ. ನೀರಿನ ಗಡಸುತನ ಲೀಟರಿಗೆ 300 ಮಿ.ಗ್ರಾಂ (ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಾಗ) ಅಂತ ರಿಪೋರ್ಟ್ ಬಂದ್ರ, ಅಷ್ಟೂ ಕ್ಯಾಲ್ಸಿಯಂದೇ ಅಂತ ಹಿಡಿದ್ರೂ, ಅದ್ರಾಗ ಕ್ಯಾಲ್ಸಿಯಂ 120 ಮಿ.ಗ್ರಾಂ. ಈ ಲ್ಯಾಬ್ರಡಾರ್ 1.2 ಲೀಟರ್ ಕುಡಿದ್ರ ಸುಮಾರು 145 ಮಿ.ಗ್ರಾಂ ಹೋತು. ಅದೇ ನಾಯಿಯ 320 ಗ್ರಾಂ ಫುಡ್ಡಿನ್ಯಾಗ, ನೂರಕ್ಕ 1 ಕ್ಯಾಲ್ಸಿಯಂ ಅಂದ್ರೂ, 3200 ಮಿ.ಗ್ರಾಂ. ನೀರಿಂದು ನೂರಕ್ಕ ಐದೂ ಇಲ್ಲ.

ನಾಯಿಯಾಗ ಸ್ಟ್ರೂವೈಟ್ (ಮೆಗ್ನೀಸಿಯಂ-ಫಾಸ್ಫೇಟ್) ಹರಳು ಹೆಚ್ಚಾಗಿ ಮೂತ್ರದ ಸೋಂಕಿನಿಂದ ಆಗ್ತಾವ. ಕೆಲವು ಬ್ಯಾಕ್ಟೀರಿಯಾ ಯೂರಿಯಾ ಒಡದು ಮೂತ್ರ ಕ್ಷಾರ ಮಾಡ್ತಾವ. ಕ್ಯಾಲ್ಸಿಯಂ ಆಕ್ಸಲೇಟ್ ಹರಳಿಗೆ ತಳಿ, ಊಟ, ಗಟ್ಟಿ ಮೂತ್ರ ಕಾರಣ. ಡಾಲ್ಮೇಷನ್‌ಗೆ ಯೂರೇಟ್ (ಯೂರಿಕ್ ಆಮ್ಲದ) ಹರಳು, ಅದು ಹುಟ್ಟಿನಿಂದ ಬಂದ ಗುಣ. ಯಾವ ಹರಳಾದ್ರೂ ಮೂತ್ರ ತಿಳಿ ಇದ್ರ ಕಟ್ಟೋದು ಕಷ್ಟ. ಸವಳು ನೀರಿಂದ ನಿಜವಾದ ತೊಂದ್ರಿ ಅಂದ್ರ ರುಚಿ. ಉಪ್ಪುಪ್ಪು ಅನಿಸಿದ್ರ ನಾಯಿ ಕಡಿಮಿ ಕುಡೀತದ. ಆ ದಾರಿಯಿಂದ ಹರಳು ಬರಬಹುದು, ಸುಣ್ಣದ ದಾರಿಯಿಂದ ಅಲ್ಲ.

ಬ್ಯಾಡಗಿ_ಖಾರ:
ಅಂದ್ರ ಸುತ್ತಿ ಬಳಸಿ ಸವಳು ನೀರಿಗೇ ಬಂತಲ್ರಿ. ಅದನ್ನs ನಾ ಹೇಳಿದ್ದು.

ಮುಂಡರಗಿ_ಬೋರ್‌ವೆಲ್:
ಸವಳಿಗಿಂತ ಫ್ಲೋರೈಡ್ ಮಾತಾಡ್ರಿ. ಗದಗ ಜಿಲ್ಲಾದಾಗ, ಅದ್ರಾಗೂ ಮುಂಡರಗಿ ಕಡೆ, ಬೋರಿನ ನೀರಾಗ ಫ್ಲೋರೈಡ್ ಹೆಚ್ಚಿರೋ ಹಳ್ಳಿ ಭಾಳ ಅದಾವ. ಕುಡಿಯೋ ನೀರಿಗೆ ಭಾರತೀಯ ಮಾನಕ ಹೇಳೋದು ಲೀಟರಿಗೆ 1 ಮಿ.ಗ್ರಾಂ, ಬ್ಯಾರೆ ನೀರು ಇಲ್ಲದಿದ್ರ 1.5 ತನಕ. ಅದಕ್ಕಿಂತ ಹೆಚ್ಚಿನ ನೀರು ವರ್ಷಗಟ್ಟಲೆ ಕುಡಿದ್ರ ಮನಷ್ಯಾರ ಹಲ್ಲು, ಎಲುಬು ಹೆಂಗ ಕೆಡ್ತಾವೋ ಪ್ರಾಣಿಗೂ ಹಂಗ.

ಎರಡು ವಿಷಯ ನೆನಪಿಡ್ರಿ. ಕುದಿಸಿದ್ರ ಫ್ಲೋರೈಡ್ ಹೋಗಂಗಿಲ್ಲ, ನೀರು ಆವಿ ಆಗಿ ಉಳಿದದ್ದು ಇನ್ನೂ ಗಟ್ಟಿ ಆಗ್ತೈತಿ. ಮತ್ತ, ಆರ್‌ಓ ಮಷೀನಿನ ಹೊರಗ ಬರೋ ಬಿಟ್ಟ ನೀರು ಐತಲ್ಲ, "ವ್ಯರ್ಥ ಯಾಕ" ಅಂತ ಅದನ್ನ ನಾಯಿಗೂ ದನಕ್ಕೂ ಇಡೋ ಮಂದಿ ಅದಾರ. ಇಡಬ್ಯಾಡ್ರಿ. ತೆಗದ ಉಪ್ಪು, ಫ್ಲೋರೈಡ್ ಎಲ್ಲಾ ಅದ್ರಾಗೇ ಇರ್ತಾವ. ನೆಲಾ ಒರಸ್ರಿ, ಪಾಯಖಾನಿಗೆ ಹಾಕ್ರಿ.

ತೋಳನಕೆರೆ_ವಾಕಿಂಗ್:
ಟಿಡಿಎಸ್ ಮೀಟರ್ ತೊಗೊಂಡು ನೋಡಿದ್ರ ಗೊತ್ತಾಗ್ತೈತಲ್ಲ. 500ರ ಒಳಗಿದ್ರ ಛಲೋ ನೀರು.

ಮುಂಡರಗಿ_ಬೋರ್‌ವೆಲ್:
ಗೊತ್ತಾಗಂಗಿಲ್ಲ. ಆ ಮೀಟರ್ ಒಟ್ಟು ಕರಗಿದ ಉಪ್ಪು ಎಷ್ಟು ಅಂತ ಅಂದಾಜು ಹೇಳತೈತಿ, ಯಾವ ಉಪ್ಪು ಅಂತ ಅಲ್ಲ. 400 ತೋರಿಸಿದ ನೀರಾಗೂ ಫ್ಲೋರೈಡ್ 3 ಇರಬಹುದು. ರೋಗಾಣು ಅಂತೂ ಮೀಟರಿಗೆ ಕಾಣೋದೇ ಇಲ್ಲ. ಹಳ್ಳಿಯಾಗಿದ್ರ ಗ್ರಾಮ ಪಂಚಾಯ್ತಿಯ ಪರೀಕ್ಷಾ ಕಿಟ್ ಕೇಳ್ರಿ, ಇಲ್ಲಾ ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯಕ್ಕ ಒಂದು ಲೀಟರ್ ಒಯ್ದು ಕೊಡ್ರಿ. ಬೋರ್ ಐದು ನಿಮಿಷ ಓಡಿಸಿ, ಅದೇ ನೀರಾಗ ಬಾಟ್ಲಿ ಮೂರು ಸಲ ಗಲಬರಿಸಿ ತುಂಬ್ರಿ. ಬ್ಯಾಕ್ಟೀರಿಯಾ ನೋಡೋದಿದ್ರ ಬ್ಯಾರೆ ಬಾಟ್ಲಿ, ಪ್ರಯೋಗಾಲಯದವರೇ ಕೊಡೋದು, ಅದನ್ನ ಗಲಬರಿಸಬಾರದು.

ಬೆಟಗೇರಿ_ಮಗ್ಗ:
ನದಿ ನೀರು ಬರೋ ಕಡೆ ಅದನ್ನೇ ಇಡ್ರಿ. ಹುಬ್ಬಳ್ಳಿ-ಧಾರವಾಡಕ್ಕ ಮಲಪ್ರಭಾ, ಗದಗ-ಬೆಟಗೇರಿಗೆ ತುಂಗಭದ್ರಾ. ಫ್ಲೋರೈಡಿನ ಚಿಂತಿ ಕಡಿಮಿ. ಚಿಂತಿ ಇರೋದು ತುಂಬಿಡೋದ್ರಾಗ. ನಳದಾಗ ಬಂದಾಗ ಇದ್ದ ಕ್ಲೋರಿನ್, ಬಾಯಿ ತೆರದ ಡ್ರಮ್ಮಿನ್ಯಾಗ ಒಂದೆರಡು ದಿನದಾಗ ಹಾರಿ ಹೋಗ್ತೈತಿ. ಆಮ್ಯಾಲೆ ತಂಬಗಿ ಹಿಡಿದ ಕೈ ಮುಳುಗಿಸಿ ತೆಗದಷ್ಟು ಸಲ ಹೊಲಸು ಸೇರತೈತಿ. ಡ್ರಮ್ಮಿಗೆ ಮುಚ್ಚಳ ಬೇಕು, ಕೆಳಗ ನಳ ಹಚ್ಚಿಸ್ರಿ ಇಲ್ಲಾ ಉದ್ದ ಹಿಡಿಕಿ ಸೌಟು ಇಡ್ರಿ. ಹೊಸಾ ನೀರು ಬರೋ ದಿನ ಹಳೇದನ್ನ ಗಿಡಕ್ಕ ಚೆಲ್ಲಿ, ಒಳಗ ಬ್ರಷ್ ಹಾಕಿ ತಿಕ್ಕಿ ಆಮ್ಯಾಲೆ ತುಂಬ್ರಿ. ಹಳೇದ್ರ ಮ್ಯಾಲೇ ಹೊಸಾದು ಹಾಕಿದ್ರ ತಳದ ಲೋಳಿ ಹಂಗs ಉಳೀತೈತಿ. ಮಳಿಗಾಲದಾಗ ನೀರು ಕೆಂಪಗೆ ಬಂದ್ರ ಅರಿವಿಯಾಗ ಸೋಸಿ, ಕುದಿಸಿ, ಆರಿಸಿ ಇಡ್ರಿ.

ಗೋಕುಲರೋಡ್_ಲ್ಯಾಬ್:
ಭಾಳ ಛಲೋ ಮಾಹಿತಿ ರೀ. ಮಧ್ಯಾಹ್ನ ಮ್ಯಾಲಿನ ಟಾಕಿ ನೀರು ಕುದ್ದಂಗ ಬರ್ತದ, ಬಟ್ಟಲ ಮುಟ್ಟಂಗಿಲ್ಲ. ಮಣ್ಣಿನ ಗಡಗಿ ನೀರು ನಡೀತದ?

ಬೆಟಗೇರಿ_ಮಗ್ಗ:
ನಡೀತೈತಿ, ನಮ್ಮ ಒಣ ಹವಾಕ್ಕ ಭಾಳ ಛಲೋ ತಂಪಾಗ್ತೈತಿ. ಅಗಲ ಬಾಯಿಯ ಮಣ್ಣಿನ ಪರಾತ ಸಿಗತಾವ, ಅವು ನಾಯಿಗೆ ಸರಿ. ಒಳಗ ಬಣ್ಣ, ಮೆರಗು ಹಚ್ಚಿದ್ದು ತೊಗೋಬ್ಯಾಡ್ರಿ. ಎರಡು ಇಟ್ಕೊಳ್ರಿ, ಒಂದು ಬಿಸಲಾಗ ಒಣಗೋ ಹೊತ್ತಿಗೆ ಇನ್ನೊಂದು ಬಳಕಿಯಾಗ. ಸಬಕಾರ ಹಾಕಬ್ಯಾಡ್ರಿ, ಮಣ್ಣು ಹೀರ್ಕೊಂಡು ವಾಸನಿ ಬಿಡ್ತೈತಿ. ಬಿಸಿ ನೀರು, ತೆಂಗಿನ ನಾರು ಸಾಕು. ಸ್ಟೀಲ್ ಬಟ್ಟಲಕ್ಕ ಮಾತ್ರ ದಿನಾ ಸಬಕಾರ ಬೇಕು. ಬರೇ ನೀರು ಗಲಬರಿಸಿ ತುಂಬಿದ್ರ ತಳಕ್ಕ ಬಟ್ಟು ಹಚ್ಚಿ ನೋಡ್ರಿ, ಜಾರತೈತಿ. ಆ ಜಾರೋದು ಬ್ಯಾಕ್ಟೀರಿಯಾದ ಪದರ.

ತೋಳನಕೆರೆ_ವಾಕಿಂಗ್:
ಐಸ್ ಹಾಕಿದ್ರ ಹೊಟ್ಟಿ ಉಬ್ಬಿ ನಾಯಿ ಸಾಯತೈತಿ ಅಂತಾರ, ಹುಷಾರ್.

ಪಶುವೈದ್ಯ_ಧಾರವಾಡ:
ಸಾಯಂಗಿಲ್ಲ. ಎರಡು ಐಸ್ ತುಣುಕು ಹಾಕ್ರಿ, ಏನೂ ಆಗಂಗಿಲ್ಲ. ಹೊಟ್ಟಿ ಉಬ್ಬಿ ತಿರುಚೋ ಕಾಯಿಲಿ ಎದಿಗೂಡು ಆಳ ಇರೋ ದೊಡ್ಡ ತಳಿಗೆ ಹೆಚ್ಚು. ಒಂದೇ ಹೊತ್ತು ರಾಶಿ ಊಟ, ಗಬಗಬ ತಿನ್ನೋದು, ವಯಸ್ಸು ಇವೆಲ್ಲಾ ಸೇರತಾವ. ಐಸ್ ಅಲ್ಲ. ಓಡಾಡಿ ಬಂದ ನಾಯಿ ಒಂದೇ ಸಲಕ್ಕ ಲೀಟರ್ ಎಳದ್ರ ವಾಂತಿ ಮಾಡ್ತದ. ಅದಕ್ಕ 100–150 ಮಿ.ಲೀ. ಕೊಟ್ಟು, ತೇಕೋದು ಇಳಿದ ಮ್ಯಾಲೆ ಮತ್ತ ಕೊಡ್ರಿ.

ಇನ್ನ ಮೂಲ ಪ್ರಶ್ನಿಗೆ ಬರ್ತೀನಿ. ಹೊತ್ತಿಗೆ 160 ಗ್ರಾಂ ಫುಡ್ ಹಾಕ್ತೀರಲ್ಲ, ಅದಕ್ಕ 200 ಮಿ.ಲೀ. ಉಗುರುಬೆಚ್ಚಗಿನ ನೀರು ಹಾಕಿ 10–15 ನಿಮಿಷ ಬಿಡ್ರಿ. ದಿನಕ್ಕ 400 ಮಿ.ಲೀ. ಅಲ್ಲೇ ಸಿಕ್ತು, ಬಟ್ಟಲದ ಕಡೆ ಬರೇ 700 ಉಳೀತು. ಕುದಿಯೋ ನೀರು ಬ್ಯಾಡ, ವಿಟಮಿನ್ ಕೆಡ್ತಾವ. ಮೊದಲ ನಾಲ್ಕೈದು ದಿನ 50 ಮಿ.ಲೀ.ದಿಂದ ಏರಿಸ್ತಾ ಹೋಗ್ರಿ, ಕೆಲವು ನಾಯಿ ಮೆತ್ತಗಾದದ್ದಕ್ಕ ಮೂಗು ಮುರೀತಾವ. ತಿಂದು ಬಿಟ್ಟದ್ದನ್ನ ಬ್ಯಾಸಗ್ಯಾಗ ಒಂದು ತಾಸಿನ ಮ್ಯಾಲೆ ಇಡಬ್ಯಾಡ್ರಿ, ಹುಳಿತದ. ಒಣ ಫುಡ್ ತಟ್ಟಿಯಾಗ ದಿನಪೂರ್ತಿ ಇಟ್ಟು ರೂಢಿ ಆದವರು ಇಲ್ಲೇ ಎಡವತಾರ.

ಸಾಧನಕೇರಿ_ಮಳಿ:
"ನೆನಸಿದ್ರ ಹಲ್ಲು ಕೆಡ್ತಾವ" ಅಂತ ಈಗ ಒಬ್ಬರು ಬರ್ತಾರ ನೋಡ್ರಿ.

ಬ್ಯಾಡಗಿ_ಖಾರ:
ಖರೇನ ಕೆಡ್ತಾವ! ಗಟ್ಟಿ ಕಡದ್ರೇ ಹಲ್ಲು ಸ್ವಚ್ಛ.

ಸಾಧನಕೇರಿ_ಮಳಿ:
ಬಂದ್ರು 😄 ಸಾದಾ ಒಣ ಫುಡ್ ಹಲ್ಲಿನ ತುದಿ ತಾಗಿದ ಕೂಡ್ಲೇ ಪುಡಿ ಆಗ್ತದ ರೀ, ಒಸಡಿನ ಅಂಚಿಗೆ ಮುಟ್ಟೋದೇ ಇಲ್ಲ. ಹಲ್ಲಿಗೆ ಬೇಕಂದ್ರ ನಾಯಿ ಪೇಸ್ಟ್ ಹಚ್ಚಿ ತಿಕ್ಕ್ರಿ. ಮನಷ್ಯಾರ ಪೇಸ್ಟ್ ಬ್ಯಾಡ, ಕೆಲವದ್ರಾಗ ಝೈಲಿಟಾಲ್ ಅನ್ನೋ ಸಕ್ಕರಿ ಬದಲಿ ಸಿಹಿ ಇರ್ತದ, ನಾಯಿಗೆ ಅದು ವಿಷ.

ರಾಣೇಬೆನ್ನೂರ_ಬೀಜ:
ಊಟಕ್ಕ ಚೂರು ಉಪ್ಪು ಹೆಚ್ಚು ಹಾಕಿದ್ರ ತಾನೇ ಕುಡೀತೈತಲ್ರಿ? ಸಲೀಸು ಉಪಾಯ.

ಪಶುವೈದ್ಯ_ಧಾರವಾಡ:
ಬ್ಯಾಡ. ಹರಳಿನ ಕಾಯಿಲಿಗೆ ಮಾಡಿದ ಕೆಲವು ಫುಡ್ಡಿನ್ಯಾಗ ಉಪ್ಪು ಹೆಚ್ಚಿರೋದು ಖರೆ, ಅದಕ್ಕ ಲೆಕ್ಕ ಇರ್ತದ. ಮನಿಯಾಗ ಚಿಟಿಕಿ ಲೆಕ್ಕದಾಗ ಹಾಕಿದ್ರ, ಹೃದಯ ಇಲ್ಲಾ ಕಿಡ್ನಿ ಕಾಯಿಲಿ ಒಳಗ ಇದ್ದು ಗೊತ್ತಿಲ್ಲದ ನಾಯಿಗೆ ಹೊಡತ. ನೀರು ಬೇಕಾದ್ರ ನೀರು ಹಾಕ್ರಿ.

ಕೇಶ್ವಾಪುರ_ಮೂರನೇಮಜಲಿ:
ನನ್ನ ಪ್ರಶ್ನಿ ಉಲ್ಟಾ. ಅಪಾರ್ಟ್‌ಮೆಂಟಿನ್ಯಾಗ ರಾತ್ರಿ ಉಚ್ಚಿ ಹೊಯ್ಬಾರದು ಅಂತ ಸಂಜಿ ಆರರ ಮ್ಯಾಲೆ ನೀರು ತೆಗದಿಡ್ತಾರ ಭಾಳ ಮಂದಿ. ಸರಿನೋ ತಪ್ಪೋ?

ಪಶುವೈದ್ಯ_ಧಾರವಾಡ:
ಮರಿಗೆ ಮಲಗೋ ಒಂದು ತಾಸು ಮೊದಲ ಬಟ್ಟಲ ಎತ್ತಿಟ್ಟು, ಹೊರಗ ಒಯ್ದು ಮಲಗಿಸೋದು ನಡೀತದ. ದೊಡ್ಡ ನಾಯಿಗೆ ಹನ್ನೆರಡು ತಾಸು ನೀರು ಕಟ್ ಮಾಡೋದು ತಪ್ಪು. ರಾತ್ರಿ ಹಿಡ್ಕೊಳ್ಳಿಕ್ಕೆ ಆಗದ ನಾಯಿಯ ಮೂತ್ರ ಪರೀಕ್ಷಾ ಮಾಡಸ್ರಿ, ನೀರು ಕಸ್ಕೋಬ್ಯಾಡ್ರಿ.

ಭಾಳ ಕುಡಿಯೋದಕ್ಕೂ ಒಂದು ಗಡಿ ಅದ. ದಿನಕ್ಕ ಒಂದು ಕೆಜಿಗೆ 100 ಮಿ.ಲೀ. ದಾಟಿದ್ರ ನಾಯಿಯಾಗ ಏನೋ ನಡದದ ಅಂತ ಅರ್ಥ. 28 ಕೆಜಿಗೆ 2.8 ಲೀಟರ್. ಬೆಕ್ಕಿನ್ಯಾಗ 50 ದಾಟಿದ್ರ. ಸಕ್ಕರಿ ಕಾಯಿಲಿ, ಕಿಡ್ನಿ, ಕುಶಿಂಗ್ ಕಾಯಿಲಿ (ಮೈಯಾಗ ಕಾರ್ಟಿಸಾಲ್ ಹಾರ್ಮೋನ್ ಹೆಚ್ಚಾಗೋದು) ಇರಬಹುದು. ಆಪರೇಷನ್ ಆಗದ ಹೆಣ್ಣು ನಾಯಿ ಬೆದಿ ಮುಗಿದ ಕೆಲವು ವಾರಕ್ಕ ಒಮ್ಮಿಂದೊಮ್ಮಿಗೆ ಕುಡಿಯೋದು ಹೆಚ್ಚಿ, ಊಟ ಬಿಟ್ಟು, ಮಂಕಾದ್ರ ಗರ್ಭಕೋಶದಾಗ ಕೀವು ಆಗಿರಬಹುದು. ಕೀವು ಹೊರಗ ಕಾಣದಿದ್ರೂ ಅವತ್ತೇ ತೋರಸ್ರಿ. ಪ್ರೆಡ್ನಿಸೊಲೋನ್ (ಸ್ಟೀರಾಯ್ಡ್), ಫಿನೋಬಾರ್ಬಿಟಾಲ್ (ಫಿಟ್ಸಿನ ಔಷಧ) ಗುಳಿಗಿ ನಡದಿದ್ರ ಕುಡಿಯೋದು ಹೆಚ್ಚೋದು ಸಹಜ, ಆದ್ರೂ ಡಾಕ್ಟ್ರಿಗೆ ಹೇಳ್ರಿ. ಮರಿಗೆ ಹಾಲು ಕುಡಸೋ ತಾಯಿಗೆ ಎರಡು-ಮೂರು ಪಟ್ಟು ಬೇಕು, ಅದು ಕಾಯಿಲಿ ಅಲ್ಲ. ಇದ್ರಾಗ ಯಾವುದಕ್ಕೂ ನೀರು ಕಡಿಮಿ ಮಾಡೋದು ಔಷಧ ಅಲ್ಲ.

ತೋಳನಕೆರೆ_ವಾಕಿಂಗ್:
ಖರೇ ಎಷ್ಟು ಕುಡೀತು ಅಂತ ಅಳಿಯೋದು ಹೆಂಗ? ಅರ್ಧ ಚೆಲ್ತೈತಿ, ಅರ್ಧ ಬಿಸಲಿಗೆ ಹೋಗ್ತೈತಿ.

ಮುಂಡರಗಿ_ಬೋರ್‌ವೆಲ್:
ಒಂದೇ ಥರದ ಎರಡು ಬಟ್ಟಲ ತೊಗೊಳ್ರಿ. ಎರಡಕ್ಕೂ ಬೆಳಿಗ್ಗೆ ಅಳದು ಎರಡೆರಡು ಲೀಟರ್ ಹಾಕ್ರಿ. ಒಂದು ನಾಯಿಗೆ, ಇನ್ನೊಂದು ಅದೇ ಕೋಲ್ಯಾಗ ನಾಯಿಗೆ ಸಿಗದಂಗ ಮ್ಯಾಲೆ. 24 ತಾಸಿಗೆ ಎರಡೂ ಅಳೀರಿ. ಮ್ಯಾಲಿನದ್ರಾಗ ಕಡಿಮಿ ಆದದ್ದು ಆವಿ, ಅದನ್ನ ನಾಯಿ ಬಟ್ಟಲದ ಲೆಕ್ಕದಾಗ ಕಳೀರಿ. ಚೆಲ್ಲೋ ನಾಯಿಗೆ ಬಟ್ಟಲ ಅಗಲ ತಾಟಿನ್ಯಾಗ ಇಟ್ರ ಚೆಲ್ಲಿದ್ದೂ ಸಿಗತೈತಿ. ಮೂರು ದಿನದ ಸರಾಸರಿ ತೊಗೊಳ್ರಿ. ಪಾಯಖಾನಿ ಬಾಗಲಾ ಹಾಕಿರ್ರಿ, ಇಲ್ಲಾಂದ್ರ ಲೆಕ್ಕ ಎಲ್ಲಾ ಬಕೇಟಿಗೆ.

ಬೆಕ್ಕಿನ_ಮಾಸಿ:
ನೀರು ಕಡಿಮಿ ಆಗ್ಯದ ಅಂತ ಮನಿಯಾಗ ಹೆಂಗ ತಿಳಿಯೋದು, ಡಾಕ್ಟ್ರ? ಹೆಗಲ ಮ್ಯಾಲಿನ ಚರ್ಮ ಎತ್ತಿ ಬಿಡೋದು ಎಲ್ಲಾರಿಗೂ ಗೊತ್ತು. ಆದ್ರ ಮುದಿ ಬೆಕ್ಕಿನ್ಯಾಗ ಯಾವಾಗಲೂ ನಿಧಾನ ಇಳೀತದ.

ಪಶುವೈದ್ಯ_ಧಾರವಾಡ:
ಹೌದ್ರಿ ಅಕ್ಕಾರ. ಮುದಿ, ಬಡಕಲು ಪ್ರಾಣಿಯಾಗ ನೀರು ಸರಿ ಇದ್ರೂ ಚರ್ಮ ನಿಂತಿರ್ತದ. ದಪ್ಪ ಲ್ಯಾಬ್ರಡಾರಿನ್ಯಾಗ ನೀರು ಹೋಗಿದ್ರೂ ಟಪ್ ಅಂತ ಇಳೀತದ, ಕೊಬ್ಬು ಮೋಸ ಮಾಡ್ತದ. ಅದಕ್ಕ ಒಸಡು ನೋಡ್ರಿ. ತುಟಿ ಎತ್ತಿ ಬಟ್ಟಿನಿಂದ ಮುಟ್ಟ್ರಿ. ಜಾರಿದ್ರ ಸರಿ, ಅಂಟಿದ್ರ ನೀರು ಕಡಿಮಿ. ಒತ್ತಿ ಬಿಟ್ರ ಬಿಳೀ ಆದದ್ದು ಎರಡು ಸೆಕೆಂಡಿನ್ಯಾಗ ಗುಲಾಬಿ ಆಗಬೇಕು. ಮೈ ತೂಕದ ನೂರಕ್ಕ 5ಕ್ಕಿಂತ ಕಡಿಮಿ ನೀರು ಹೋಗಿದ್ರ ಹೊರಗ ಏನೂ ಕಾಣಂಗಿಲ್ಲ. ಕಣ್ಣು ಒಳಗ ಹೋಗಿ, ಒಸಡು ಒಣಗಿ, ಕೈಕಾಲು ತಣ್ಣಗಾದ್ರ 10ರ ಹತ್ರ ಬಂದದ. ಅಲ್ಲಿಗೆ ಬಾಯಿಂದ ಕುಡಸೋ ಕಾಲ ಮುಗೀತು, ಸಲೈನ್ ಬೇಕು.

ರಾಣೇಬೆನ್ನೂರ_ಬೀಜ:
ಓಆರ್‌ಎಸ್ ಕೊಡಬಹುದಾ? ಎಳನೀರು?

ಪಶುವೈದ್ಯ_ಧಾರವಾಡ:
ಸಣ್ಣ ಭೇದಿಗೆ, ನಾಯಿ ಲವಲವಿಕಿಯಿಂದ ಇದ್ರ ಕೊಡಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಬರದ ಪುಡಿ ತೊಗೊಳ್ರಿ. ಒಂದು ಲೀಟರಿನ ಪಾಕೀಟು ಅಂದ್ರ ಪೂರ್ತಿ ಒಂದು ಲೀಟರಿಗೇ ಕಲಸಬೇಕು. "ಚೂರು ಗಟ್ಟಿ ಇರಲಿ" ಅಂತ ಅರ್ಧ ಲೀಟರಿಗೆ ಕಲಸಿದ್ರ ಭೇದಿ ಹೆಚ್ಚಾಗ್ತದ. ಡಬ್ಬಿ ಜ್ಯೂಸ್ ಥರದ್ದು ಬ್ಯಾಡ. ಶುಗರ್-ಫ್ರೀ ಅಂತ ಇದ್ದದ್ದು ಮುಟ್ಟಲೇಬ್ಯಾಡ್ರಿ, ಅದ್ರಾಗ ಝೈಲಿಟಾಲ್ ಇರಬಹುದು. 10 ಕೆಜಿ ನಾಯಿಗೆ 15–20 ನಿಮಿಷಕ್ಕೊಮ್ಮಿ ಒಂದು ದೊಡ್ಡ ಚಮಚ. ಸಿರಿಂಜಿನಿಂದ ಕೊಡೋದಾದ್ರ ಗಲ್ಲದ ಪಕ್ಕದಿಂದ, ನೇರ ಗಂಟಲಿಗೆ ಅಲ್ಲ. ಶ್ವಾಸಕೋಶಕ್ಕ ಇಳದ್ರ ನ್ಯುಮೋನಿಯಾ. ಕಲಸಿದ್ದು 24 ತಾಸಿಗೆ ಚೆಲ್ಲ್ರಿ. ಎಳನೀರಿನ್ಯಾಗ ಪೊಟ್ಯಾಸಿಯಂ ಹೆಚ್ಚು. ಆರೋಗ್ಯದ ನಾಯಿಗೆ ನಾಕು ಚಮಚ ಕೊಟ್ರ ಏನಾಗಂಗಿಲ್ಲ, ಕಿಡ್ನಿ ಕಾಯಿಲಿಗೆ ಬ್ಯಾಡ. ಮರಿಗೆ ವಾಂತಿ-ಭೇದಿ, ರಕ್ತ ಕಂಡ್ರ ಪಾರ್ವೊ ವೈರಸ್ ಕಾಯಿಲಿ ಇರಬಹುದು, ಮನಿಯಾಗ ಚಮಚ ಹಿಡಕೊಂಡು ಕುಂದರಬ್ಯಾಡ್ರಿ.

ಬ್ಯಾಡಗಿ_ಖಾರ:
ಬಿಸಲಿಗೆ ಬಿದ್ದ ನಾಯಿಗೆ ಮೊದಲ ಬಾಯಿಗೆ ನೀರು ಹಾಕಬೇಕು. ಇಲ್ಲಿ ಯಾರೂ ಹೇಳಲಿಲ್ಲ.

ಪಶುವೈದ್ಯ_ಧಾರವಾಡ:
ಎಚ್ಚರ ಇಲ್ಲದ ನಾಯಿ ಬಾಯಿಗೆ ನೀರು ಹಾಕಿದ್ರ ಉಸರು ಕಟ್ಟತದ. ಮೊದಲ ಮೈಗೆ ಹಾಕ್ರಿ. ನೆರಳಿಗೆ ತಂದು, ನಳದ ನೀರು ಕೂದಲ ಬುಡ ತೊಯ್ಯೋ ಹಂಗ ಸುರೀರಿ, ಫ್ಯಾನ್ ಹಚ್ಚ್ರಿ. ಹಸಿ ಟಾವೆಲ್ ಮೈಮ್ಯಾಲೆ ಹೊದಿಸಿ ಬಿಡಬ್ಯಾಡ್ರಿ, ಒಳಗಿನ ಕಾವು ಅಲ್ಲೇ ನಿಲ್ತದ. ತಂಪು ಮಾಡಿ ಆಮ್ಯಾಲೆ ದವಾಖಾನಿ. ಗುದದ ಥರ್ಮಾಮೀಟರ್ 39.5 ಡಿಗ್ರಿಗೆ ಇಳದ್ರ ಸುರಿಯೋದು ನಿಲ್ಲಸ್ರಿ.

ಕೇಶ್ವಾಪುರ_ಮೂರನೇಮಜಲಿ:
ಓಣಿ ನಾಯಿಗೆ ಅಂತ ಗೇಟಿನ ಮುಂದ ಸಿಮೆಂಟ್ ದೋಣಿ ಇಟ್ರ ಸೊಳ್ಳಿ ಆಗ್ತಾವ ಅಂತ ಬಾಜೂದವರ ತಕರಾರು. ಯಾರದು ಸರಿ?

ಬೆಟಗೇರಿ_ಮಗ್ಗ:
ತಕರಾರು ಸರಿ ಐತಿ, ದೋಣಿನೂ ಸರಿ ಐತಿ. ಡೆಂಗಿ ಸೊಳ್ಳಿ ತತ್ತಿಯಿಂದ ರೆಕ್ಕಿ ಬರಲಿಕ್ಕೆ ಒಂದು ವಾರದ ಮ್ಯಾಲೆ ಬೇಕು. ಎರಡು ದಿನಕ್ಕೊಮ್ಮಿ ಚೆಲ್ಲಿ ತಿಕ್ಕಿದ್ರ ಒಂದೂ ಏಳಂಗಿಲ್ಲ. ಬರೇ ಚೆಲ್ಲೋದಲ್ಲ, ತಿಕ್ಕಬೇಕು. ತತ್ತಿ ನೀರಿನ ಅಂಚಿಗೆ ಗ್ವಾಡಿಗೆ ಅಂಟಿರ್ತಾವ, ಒಣಗಿದ್ರೂ ತಿಂಗಳಗಟ್ಟಲೆ ಬದುಕ್ತಾವ, ಮತ್ತ ನೀರು ಬಿದ್ರ ಒಡಿತಾವ. ಹಕ್ಕಿಗೂ ಇಡೋದಿದ್ರ ಒಂದಿಂಚು ನೀರು, ನಡುವ ಒಂದು ಕಲ್ಲು.

ಸಾಧನಕೇರಿ_ಮಳಿ:
ಧಾರವಾಡದ ಮಳಿಗಾಲಕ್ಕ ಇನ್ನೊಂದು. ರಸ್ತಾದ ಮ್ಯಾಲೆ ನಿಂತ ನೀರು ಕುಡಿಯಗೊಡಬ್ಯಾಡ್ರಿ. ಇಲಿ ಉಚ್ಚಿಯಿಂದ ಲೆಪ್ಟೊಸ್ಪೈರಾ ಅನ್ನೋ ಬ್ಯಾಕ್ಟೀರಿಯಾ ಬರ್ತದ, ಲಿವರ್, ಕಿಡ್ನಿ ಎರಡೂ ಹೊಡಿತದ, ಮನಷ್ಯಾರಿಗೂ ಹತ್ತತದ. ಲಸಿಕಿ ವರ್ಷಕ್ಕೊಮ್ಮಿ. ರೇಬೀಸ್ ಹಾಕಿಸಿ ಇದನ್ನ ಮರೀತಾರ. ವಾಕಿಂಗಿಗೆ ಹೊಂಡೋ ಮೊದಲ ಮನಿಯಾಗೇ ಕುಡಿಸಿ ಒಯ್ಯ್ರಿ, ಕೈಯಾಗ ಬಾಟ್ಲಿ ಇರಲಿ.

ನವಲೂರ_ಪೇರಲ:
ಮೊಲಕ್ಕ ಬಾಟ್ಲಿ ಛಲೋನೋ ಬಟ್ಟಲೋ?

ಬೆಕ್ಕಿನ_ಮಾಸಿ:
ಭಾರದ ಪಿಂಗಾಣಿ ಬಟ್ಟಲ. ಬಾಟ್ಲಿಯಾಗ ನೆಕ್ಕಿದ್ರ ಹನಿಹನಿ ಬರ್ತದ, ಕೊಳವಿಯಾಗಿನ ಗುಂಡು ಸಿಕ್ಕೊಂಡ್ರ ತುಂಬಿದ ಬಾಟ್ಲಿ ಮುಂದ ಮೊಲ ಬಾಯಾರಿ ಕುಂತಿರ್ತದ. ಬಾಟ್ಲಿನೇ ಇಡೋದಾದ್ರ ದಿನಾ ಬಟ್ಟು ಹಚ್ಚಿ ನೋಡ್ರಿ. ಒಂದು ಕೆಜಿಗೆ 50ರಿಂದ 150 ಮಿ.ಲೀ. ಬೇಕು, ಒಣ ಹುಲ್ಲು ಹೆಚ್ಚಿದಷ್ಟೂ ನೀರು ಹೆಚ್ಚು. ಕೊತಂಬರಿ ತೊಳದು ನೀರು ಜಾಡಿಸದೇ ಹಾಕ್ರಿ. ನೀರು ಬಿಟ್ಟ ಮೊಲ ಊಟ ಬಿಡ್ತದ, ಊಟ ಬಿಟ್ರ ಕರುಳು ನಿಲ್ತದ. ಪೇರಲ ಹಣ್ಣು ಮಾತ್ರ ಚೂರೇ ಚೂರು, ನಿಮ್ಮೂರದ್ದು ಸಿಹಿ ಭಾಳ.

ಗೋಕುಲರೋಡ್_ಲ್ಯಾಬ್:
ನೆನಸಿ ಹಾಕೋದು, ಎರಡು ಬಟ್ಟಲದ ಅಳತಿ, ನಳದ ನೀರು, ಮಣ್ಣಿನ ಪರಾತ. ಇಷ್ಟು ಬರ್ಕೊಂಡೆ. ಕಡೀ ಪ್ರಶ್ನಿ: ಮೂತ್ರ ಪರೀಕ್ಷಾಕ್ಕ ಹಿಡಿಯೋದು ಹೆಂಗ?

ಪಶುವೈದ್ಯ_ಧಾರವಾಡ:
ಬೆಳಿಗ್ಗೆ ಮೊದಲನೇದು, ನೀರು-ಊಟಕ್ಕ ಮೊದಲ. ಉದ್ದ ಹಿಡಿಕಿಯ ಸ್ವಚ್ಛ ಸೌಟು ತೊಗೊಂಡು, ಕಾಲು ಎತ್ತಿದ ಮ್ಯಾಲೆ ಮೊದಲ ಧಾರಿ ಬಿಟ್ಟು ನಡುವಿನದು ಹಿಡೀರಿ. 10 ಮಿ.ಲೀ. ಸಾಕು. ಅಂಗಡಿಯಾಗ ಸಿಗೋ ಸ್ವಚ್ಛ ಡಬ್ಬಿಗೆ ಹಾಕಿ ಒಂದು ತಾಸಿನ್ಯಾಗ ಮುಟ್ಟಸ್ರಿ. ಆಗದಿದ್ರ ಫ್ರಿಜ್, ಹೆಚ್ಚಂದ್ರ ಆರು ತಾಸು. ತಂಪಾದ್ರ ಹರಳಿನ ಕಣ ಹೊಸದಾಗಿ ಕಟ್ಟಬಹುದು, ಅದಕ್ಕ ಫ್ರಿಜ್‌ನ್ಯಾಗ ಇಟ್ಟದ್ದು ಅಂತ ಲ್ಯಾಬಿನವರಿಗೆ ಹೇಳ್ರಿ. ಮೂತ್ರದ ಸಾಂದ್ರತೆ (ಬರೇ ನೀರಿಗೆ 1.000) 1.030ರ ಮ್ಯಾಲೆ ಬಂದ್ರ ನಾಯಿಯ ಕಿಡ್ನಿ ಮೂತ್ರ ಗಟ್ಟಿ ಮಾಡ್ಲಿಕ್ಕೆ ಸಮರ್ಥ ಅದ. ಬೆಕ್ಕಿಗೆ 1.035. ನೆನಸಿದ ಫುಡ್ ಶುರು ಮಾಡಿದ ಮ್ಯಾಲೆ ಚೂರು ಕೆಳಗ ಬಂದ್ರ ಹೆದರಬ್ಯಾಡ್ರಿ, ಅದೇ ಬೇಕಾಗಿದ್ದು. 1.010ರ ಸುತ್ತ ಸಲಸಲಕ್ಕ ಬಂದ್ರ ಮಾತ್ರ ರಕ್ತ ಪರೀಕ್ಷಾ.

ದುರ್ಗದಬೈಲ್_ಗಿರ್ಮಿಟ್:
ಆ ಸೌಟು ಮತ್ತ ಅಡಗಿಮನಿಗೆ ಬರಬಾರದು ಅಂತನೂ ಬರೀರಿ ಡಾಕ್ಟ್ರ, ನಮ್ಮ ಮಂದಿ ತೊಳದು ಸಾರಿಗೆ ಹಾಕ್ತಾರ.